ಹಳೇ ವಾಲ್ವ್ ರೇಡಿಯೋಗೆ ಒರಿಜಿನಲ್ ಡಬ್ಬನಾ, ಹೊಸದಾಗಿ ಕಟ್ಟಿದ್ದಾ? ನನ್ನ ಓಟು ಒರಿಜಿನಲ್‌ಗೇ

ವಾಲ್ವ್ ರೇಡಿಯೋ ಅಂದ್ರೆ ಟ್ರಾನ್ಸಿಸ್ಟರ್ ಬರೋ ಮುಂಚಿನದು, ಒಳಗೆ ಬಿಸಿಯಾಗೋ ಗಾಜಿನ ವಾಲ್ವ್‌ಗಳು ಇರತ್ತಲ್ಲ, ಅದು. ಮೊದ್ಲೇ ಹೇಳ್ಬಿಡ್ತೀನಿ, ಮರ ಪೂರ್ತಿ ಪುಡಿಯಾಗಿಲ್ಲ ಅಂದ್ರೆ ನಾನು ಒರಿಜಿನಲ್ ಕ್ಯಾಬಿನೆಟ್ಟನ್ನೇ, ಅಂದ್ರೆ ಹೊರಗಿನ ಡಬ್ಬಾನೇ, ರಿಪೇರಿ ಮಾಡ್ಕೋತೀನಿ, ವೆನೀರ್ (ಮೇಲೆ ಅಂಟಿಸಿರೋ ತೆಳು ಮರದ ಹಾಳೆ) ಎದ್ದಿರ್ಲಿ, ಪಾಲಿಶ್ ಬಿರುಕು ಬಿಟ್ಟಿರ್ಲಿ, ಪರವಾಗಿಲ್ಲ. ನನ್ನ ಹತ್ರ ಎರಡು ಫಿಲ್ಕೋ 90 ರೇಡಿಯೋ ಇದಾವೆ, ಫಿಲ್ಕೋ ಅಂದ್ರೆ ಅಮೆರಿಕದ ಕಂಪನಿ, 1931ರಲ್ಲಿ ಬಂದ ಮಾಡೆಲ್ಲು, ತಲೆ ಕಮಾನಿನ ಥರ ಬಾಗಿರತ್ತಲ್ಲ, ಕೆಥೆಡ್ರಲ್ ಅಂತಾರೆ, ಅದೇ. ಒಂದು ತನ್ನದೇ ಡಬ್ಬದಲ್ಲಿದೆ. ಇನ್ನೊಂದು ಬರೀ ಚಾಸಿಸ್ (ಒಳಗಿನ ಭಾಗಗಳನ್ನೆಲ್ಲ ಹೊತ್ತಿರೋ ಲೋಹದ ಚೌಕಟ್ಟು) ಆಗಿ ಸಿಕ್ಕಿದ್ದು, ಅದಕ್ಕೆ ಹೊಸದಾಗಿ ಕಟ್ಟಿದ ಕ್ಯಾಬಿನೆಟ್ ತಗೊಂಡೆ. ಎರಡರಲ್ಲೂ ಒಳಗಿನ ಕೆಲಸ ಒಂದೇ ಥರ ಆಗಿದೆ, ಕೆಪಾಸಿಟರ್‌ಗಳೆಲ್ಲ ಹೊಸವು, ಹಾಗಾಗಿ ಹೋಲಿಸೋಕೆ ಉಳಿದಿರೋದು ಡಬ್ಬ ಮಾತ್ರ.

ಹೊಸದು ನೋಡೋಕೆ ಚೆನ್ನಾಗೇ ಇದೆ. ವಾಲ್ನಟ್ ವೆನೀರ್, ಕಮಾನು ನೀಟಾಗಿ ಬಾಗಿದೆ, ಪಾಲಿಶ್ ಮುಖ ಕಾಣೋ ಹಾಗಿದೆ. ತೊಂದರೆ ಶುರುವಾಗಿದ್ದು ಚಾಸಿಸ್ ಕೂರಿಸಿದ ಮೇಲೆ. ಮುಂದಿನ ಹಲಗೆ ಒರಿಜಿನಲ್‌ಗಿಂತ ಹೆಚ್ಚುಕಮ್ಮಿ ಎರಡರಷ್ಟು ದಪ್ಪ. ಫೋಟೋದಲ್ಲಿ ಇದು ಕಾಣೋದೇ ಇಲ್ಲ, ಹೊರಗಿನ ಉದ್ದ ಅಗಲ ಎತ್ತರ ಎಲ್ಲ ಸರಿಯಾಗೇ ಇದೆ, ಆದ್ರೆ ವಾಲ್ಯೂಮ್ ಮತ್ತೆ ಟ್ಯೂನಿಂಗ್ ಶಾಫ್ಟ್ (ನಾಬ್ ಕೂರೋ ಕಡ್ಡಿ) ಆ ದಪ್ಪ ದಾಟಿ ಹೊರಗೆ ಬರೋ ಹೊತ್ತಿಗೆ ನಾಬ್ ಹಿಡಿದುಕೊಳ್ಳೋಕೆ ತುದಿ ಒಂಚೂರು ಮಾತ್ರ ಉಳಿದಿರತ್ತೆ. ಸ್ಟೇಷನ್ ಹುಡುಕೋಕೆ ತಿರುಗಿಸಿದ್ರೆ ನಾಬ್ ಕೈಗೇ ಬರತ್ತೆ.

ಇದಕ್ಕೆ ದಾರಿ ಏನು ಅಂದ್ರೆ ಶಾಫ್ಟಿಗೆ ಉದ್ದದ ತುಂಡು ಜೋಡಿಸ್ಬೇಕು, ಅದನ್ನ ಜೋಡಿಸೋ ದಪ್ಪ ಬಳೆಗೆ (ಕಾಲರ್) ಹಲಗೆ ತೂತು ದೊಡ್ಡದು ಮಾಡ್ಬೇಕು, ಆಮೇಲೆ ನಾಬ್ ಸುತ್ತ ತೂತು ಇಣುಕತ್ತೆ. ಇಲ್ಲಾಂದ್ರೆ ಹಲಗೆನ ಹಿಂದಿನಿಂದ ಕೆತ್ತಿ ತೆಳು ಮಾಡ್ಬೇಕು. ನಾನು ಎರಡನೇದೇ ಮಾಡ್ದೆ, ಉಳಿ ಹಿಡ್ಕೊಂಡು ನಿಧಾನಕ್ಕೆ. ಚಾಸಿಸ್ ಮುಂದಕ್ಕೆ ಸರೀತು, ನಾಬ್ ಕೂತ್ಕೊಳ್ತು, ಆದ್ರೆ ಚಾಸಿಸ್ ಸರಿದ ಮೇಲೆ ತಳದಲ್ಲಿದ್ದ ಬೋಲ್ಟ್ ತೂತುಗಳು ತಾಳೆ ಆಗಲ್ವಲ್ಲ, ಅವನ್ನೂ ಉದ್ದ ಮಾಡ್ಬೇಕಾಯ್ತು. ಡಯಲ್ ಕಿಟಕಿ ಸಮಸ್ಯೆ ಮಾತ್ರ ಇವತ್ತಿಗೂ ಹೋಗಿಲ್ಲ. ಕಿಟಕಿ ಸುತ್ತ ಹಿತ್ತಾಳೆ ಪಟ್ಟಿಯ ಮೊಳೆ ಕಚ್ಚೋಕೆ ದಪ್ಪ ಬೇಕು ಅಂತ ಅಲ್ಲಿ ಕೆತ್ತೋ ಹಾಗಿಲ್ಲ, ಅದಕ್ಕೇ ಡಯಲ್ ಬಾವಿಯೊಳಗೆ ಇದ್ದ ಹಾಗೆ ಆಳದಲ್ಲಿ ಕೂತಿದೆ, ಎದುರಿಗೆ ಬಗ್ಗಿ ನೋಡಿದ್ರೆ ಸರಿ, ನಿಂತು ನೋಡಿದ್ರೆ ಅಂಕಿ ಅರ್ಧ ಮುಚ್ಚಿರತ್ತೆ. ನಾನು ದಿನಾ ರಾತ್ರಿ ಕೇಳೋನು, ದಿನಾ ಬಗ್ಗಿ ನೋಡ್ಬೇಕು ಅಂದ್ರೆ ಬೇಜಾರಾಗತ್ತೆ.

ಒರಿಜಿನಲ್‌ನಲ್ಲಿ ಇದ್ಯಾವುದೂ ಇಲ್ಲ, ಅಲ್ಲಿನ ಕೆಲಸವೇ ಬೇರೆ. ಉಗುರಿಂದ ಮೆಲ್ಲಗೆ ತಟ್ಕೊಂಡು ಹೋಗಿ, ವೆನೀರ್ ಎದ್ದಿರೋ ಕಡೆ ಟೊಳ್ಳು ಸದ್ದು ಬರತ್ತೆ. ಆಗಿನ ಅಂಟು ಪ್ರಾಣಿ ಚರ್ಮ ಮೂಳೆ ಕುದಿಸಿ ಮಾಡಿದ್ದು, ತೇವಕ್ಕೆ ಬಿಟ್ಕೊಳ್ಳತ್ತೆ, ಆದ್ರೆ ಅದೇ ಅನುಕೂಲ ಕೂಡ, ಬಿಸಿ ನೀರು ತಾಗಿದ್ರೆ ಮೆತ್ತಗಾಗಿ ಹಳೇದನ್ನ ಒರೆಸಿ ತೆಗೀಬಹುದು. ಆಮೇಲೆ ಸಿರಿಂಜಲ್ಲಿ ಹೊಸ ಅಂಟು ಬಿಟ್ಟು, ಮೇಲೆ ಮೇಣದ ಕಾಗದ ಇಟ್ಟು ಕ್ಲಾಂಪ್. ಬಾಗಿರೋ ತಲೆ ಮೇಲೆ ಕ್ಲಾಂಪ್ ನಿಲ್ಲಲ್ಲ, ಅಲ್ಲಿಗೆ ಮರಳು ಚೀಲ ಹೇರಿದ್ರೆ ಆಕಾರಕ್ಕೆ ತಕ್ಕ ಹಾಗೆ ಒತ್ತಿಕೊಳ್ಳತ್ತೆ.

ಪಾಲಿಶ್ ಮುಟ್ಟೋ ಮುಂಚೆ ಹಿಂದೆ ಕಾಣದ ಮೂಲೇಲಿ ಒಂದು ಹನಿ ಸ್ಪಿರಿಟ್ ಹಾಕಿ ನೋಡಿ. ಅಂಟಂಟಾದ್ರೆ ಅರಗಿನ ಪಾಲಿಶ್, ಶೆಲ್ಯಾಕ್ ಅಂತೀವಲ್ಲ ಅದು. ಸ್ಪಿರಿಟ್‌ಗೆ ಬಗ್ಗದೆ ಥಿನ್ನರ್‌ಗೆ ಕರಗಿದ್ರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್, 30ರ ದಶಕದ ಸೆಟ್ಟುಗಳಲ್ಲಿ ಹೆಚ್ಚಾಗಿ ಇದೇ. ಪೂರ್ತಿ ಕಿತ್ತು ಹಾಕೋಕೆ ಆತುರ ಬೇಡ ಯಾಕಂದ್ರೆ ಅಂಚಲ್ಲಿ ಕಾಣೋ ಆ ಗಾಢ ಕಂದು ಎಷ್ಟೋ ಸಲ ಮರದ್ದಲ್ಲ, ಬಣ್ಣ ಬೆರೆಸಿದ ಲ್ಯಾಕರ್‌ದು, ಕಿತ್ರೆ ಕೆಳಗೆ ಪೇಲವ ಮರ ಕಾಣತ್ತೆ. ಸ್ಯಾಂಡ್ ಪೇಪರ್ ಅಂತೂ ಕೈ ಹಗುರ ಇಟ್ಕೊಂಡೇ ಉಜ್ಜಿ, ಆ ವೆನೀರ್ ಒಂದು ಮಿಲಿಮೀಟರ್ ದಪ್ಪಾನೂ ಇರಲ್ಲ.

ಸೌಂಡ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಹಿಂದೆ ತೆರೆದಿರೋ ಡಬ್ಬ ಇದು, ಸ್ಪೀಕರ್ ಹಲಗೆ ಬಿಗಿಯಾಗಿದ್ರೆ ಆಯ್ತು, ನನ್ನ ಕಿವಿಗೆ ಎರಡೂ ಒಂದೇ. ಚಾಸಿಸ್ ಕೆಳಗಿನ ರಬ್ಬರ್ ವಾಷರ್ ಮಾತ್ರ ಎರಡರಲ್ಲೂ ಹೊಸದು ಹಾಕಿ, ಒಣಗಿ ಕಲ್ಲಾಗಿದ್ರೆ ಸ್ಪೀಕರ್ ಅದುರಿದ್ದು ಸ್ಟೇಷನ್ ಹಿಡಿಯೋ ಟ್ಯೂನಿಂಗ್ ಕಂಡೆನ್ಸರ್‌ಗೆ ತಲುಪಿ ಊಳಿಡೋಕೆ ಶುರುವಾಗತ್ತೆ.

ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ/ಡಿಸಿ ಸೆಟ್ಟುಗಳಿಗೆ ಹೊಸ ಡಬ್ಬ ಕಟ್ಟಿಸೋರು ತುಂಬಾ ಹುಷಾರಾಗಿರಿ. ಅಲ್ಲಿ ಚಾಸಿಸ್‌ಗೇ ಮೇನ್ಸ್ ಕರೆಂಟ್ ಬರಬಹುದು, ಡಬ್ಬ, ನಾಬ್, ಹಿಂದಿನ ಮುಚ್ಚಳ ಇವೇ ನಿಮ್ಮನ್ನ ಕಾಯೋದು. ಚಾಸಿಸ್ ಹಿಡಿದಿರೋ ಸ್ಕ್ರೂ ತಲೆ ಹೊರಗೆ ಕೈಗೆ ಸಿಗೋ ಹಾಗಿದ್ರೆ, ಮುಚ್ಚಳ ಇಲ್ದಿದ್ರೆ, ಅದನ್ನ ಪ್ಲಗ್‌ಗೆ ಹಾಕ್ಲೇಬೇಡಿ.

ಬೇಕಲೈಟ್ (ಹಳೇ ಕಾಲದ ಗಟ್ಟಿ ಪ್ಲಾಸ್ಟಿಕ್) ಡಬ್ಬ ಬಿರುಕು ಬಿಟ್ಟಿದ್ರೆ ಒಳಗಿಂದ ಎಪಾಕ್ಸಿ ಹಾಕಿ ಅದನ್ನೇ ಉಳಿಸ್ಕೊಳ್ಳಿ, ಬೇಕಲೈಟ್ ಬಿಸಿಗೆ ಕರಗಲ್ಲ, ರೆಸಿನ್ ಎರಕದ ನಕಲು ಡಬ್ಬ ವಾಲ್ವ್‌ಗಳ ಬಿಸಿಗೆ ಸೊಟ್ಟಗಾಗೋ ಭಯ ಇದೆ.

ಖರ್ಚು ನೋಡಿದ್ರೂ ಅಷ್ಟೇ. ಹೊಸ ಡಬ್ಬಕ್ಕೆ ಕೊಟ್ಟ ದುಡ್ಡಲ್ಲಿ ಅಂಟು, ವೆನೀರ್ ತುಂಡು, ಲ್ಯಾಕರ್, ಕ್ಲಾಂಪ್ ಎಲ್ಲ ಬಂದು ಮಿಗತ್ತೆ, ಕ್ಲಾಂಪ್ ಮುಂದಿನ ರೇಡಿಯೋಗೂ ಆಗತ್ತೆ. ನಂಗೆ ಸಂಜೆ ಹೊತ್ತು ಕೂತು ಅಂಟಿಸೋ ಕೆಲಸ ಇಷ್ಟ, ಟೈಮೇ ಇಲ್ಲ ಅನ್ನೋರ ಲೆಕ್ಕ ಬೇರೆ ಇರಬಹುದು. ಡಬ್ಬಾನೇ ಇಲ್ಲ, ಹುಳ ತಿಂದು ಜರಡಿ ಆಗಿದೆ, ಪ್ಲೈವುಡ್ ಪದರ ಪದರ ಬಿಟ್ಟಿದೆ ಅಂದ್ರೆ ಹೊಸದೇ ಗತಿ, ಸಂಕೋಚ ಬೇಡ. ಮುಂದೆ ಮಾರೋದಾದ್ರೆ ಹೊಸ ಡಬ್ಬ ಅಂತ ಹೇಳಿಯೇ ಮಾರಿ. ಆರ್ಡರ್ ಕೊಡೋ ಮುಂಚೆ ಶಾಫ್ಟ್ ಬರೋ ಜಾಗದಲ್ಲಿ ಹಲಗೆ ಎಷ್ಟು ಮಿಲಿಮೀಟರ್ ಅಂತ ಬರೆಸಿಕೊಳ್ಳಿ, ಮತ್ತೆ ಹಳೇ ಡಬ್ಬದ ಮುಂದಿನ ಹಲಗೆ ಮುರಿದಿದ್ರೂ ಎಸೀಬೇಡಿ, ಮಾಡೋರಿಗೆ ಅದೇ ಸರಿಯಾದ ಅಳತೆ.