ವಿಜ್ಞಾನ ಸುದ್ದಿಯ ಆ್ಯಪ್: ಬರಹಕ್ಕೆ ಪೂರ್ತಿ ಅಂಕ, ನೋಟಿಫಿಕೇಶನ್‌ಗೆ ಇಲ್ಲ

2022ರ ಡಿಸೆಂಬರ್‌ನಿಂದ ಈ ಆ್ಯಪ್ ಬಳಸುತ್ತಿದ್ದೇನೆ. ದಿನಕ್ಕೊಂದು ಲೇಖನ, ಐದಾರು ನಿಮಿಷದ ಓದು. ನಾನು ವಿಜ್ಞಾನ ಓದಿದವಳಲ್ಲ, ಕುತೂಹಲವಷ್ಟೇ ಇದೆ. ಅಂಥವರಿಗೆಂದೇ ಮಾಡಿದಂತಿದೆ.

ಹಾಕಿಕೊಂಡ ಹೊಸತರಲ್ಲೇ ಪರಮಾಣು ಸಮ್ಮಿಲನದ, ಅಂದರೆ ಹಗುರ ಪರಮಾಣುಗಳನ್ನು ಬೆಸೆದು ಶಕ್ತಿ ಪಡೆಯುವ ಪ್ರಯೋಗದ ಸುದ್ದಿ ಬಂತು. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ 192 ಲೇಸರ್ ಕಿರಣಗಳನ್ನು ಪುಟ್ಟದೊಂದು ಇಂಧನದ ಗುಳಿಗೆಗೆ ಗುರಿಯಿಟ್ಟಿದ್ದರು. ಲೇಸರ್ ಕೊಟ್ಟ ಶಕ್ತಿ 2.05 ಮೆಗಾಜೌಲ್, ಬಂದದ್ದು 3.15. ಬೇರೆ ಕಡೆ ಓದಿದಾಗ ನಾಳೆಯೇ ಮನೆಗೆ ಕರೆಂಟು ಬರುತ್ತದೇನೋ ಅನ್ನಿಸಿತ್ತು. ಇಲ್ಲಿ ಎರಡನೇ ಪ್ಯಾರಾದಲ್ಲೇ ಇತ್ತು: ಆ ಲೇಸರ್‌ಗಳನ್ನು ನಡೆಸಲು ವಿದ್ಯುತ್ ಜಾಲದಿಂದ ಎಳೆದದ್ದು ಸುಮಾರು 300 ಮೆಗಾಜೌಲ್. ಹಾಗಂತ ಸಾಧನೆಯನ್ನು ಕೀಳುಗಳೆದಿರಲಿಲ್ಲ. ಗುಳಿಗೆಗೆ ಲೇಸರ್ ಕೊಟ್ಟದ್ದಕ್ಕಿಂತ ಹೆಚ್ಚು ಶಕ್ತಿ ಹೊಮ್ಮಿದ್ದು ಅದೇ ಮೊದಲು ಎಂಬುದನ್ನೂ ಬಿಡಿಸಿ ಹೇಳಿತ್ತು. ಅವತ್ತೇ ವರ್ಷದ ಚಂದಾ ಕಟ್ಟಿದೆ.

ಬೇಜಾರಾದದ್ದು 2023ರ ಜುಲೈ ಕೊನೆಯಲ್ಲಿ. ದಕ್ಷಿಣ ಕೊರಿಯಾದ ತಂಡವೊಂದು ಎಲ್‌ಕೆ-99 ಎಂಬ ವಸ್ತು ಮಾಮೂಲಿ ತಾಪದಲ್ಲೇ ಅತಿವಾಹಕ, ಅಂದರೆ ತಡೆಯೇ ಇಲ್ಲದೆ ವಿದ್ಯುತ್ ಹರಿಸುತ್ತದೆ ಎಂದಿತ್ತು. 'ಸಿಕ್ಕೇಬಿಟ್ಟಿತು!' ಎಂದು ಫೋನಿಗೆ ನೋಟಿಫಿಕೇಶನ್ ಬಂತು. ಅದನ್ನಷ್ಟೇ ನೋಡಿ ಅಣ್ಣನ ಮಗಳಿಗೆ ಹೇಳಿಬಿಟ್ಟೆ, ಅವಳು ಕ್ಲಾಸಿನಲ್ಲಿ ಹೇಳಿದಳು. ಒಳಗಿನ ಲೇಖನವೋ ಎಚ್ಚರದಿಂದಲೇ ಬರೆದದ್ದು, 'ಬೇರೆ ಲ್ಯಾಬ್‌ಗಳು ಮಾಡಿ ನೋಡುವವರೆಗೆ ಕಾಯಿರಿ' ಎಂದಿತ್ತು. ತಲೆಬರಹ ಕೊಡುವವರು ಲೇಖನವನ್ನೇ ಓದುವುದಿಲ್ಲವೇ? ಮಕ್ಕಳು ನಂಬುವುದು ನಮ್ಮ ಮಾತನ್ನು.

ಆದರೆ ಮುಂದೆ ನಡೆದದ್ದಕ್ಕೇ ನಾನು ಇನ್ನೂ ಇಲ್ಲಿರುವುದು. ಬೇರೆ ಲ್ಯಾಬ್‌ಗಳ ಫಲಿತಾಂಶ ಬಂದಂತೆಲ್ಲ ಅದೇ ಹಳೇ ಲೇಖನದ ನೆತ್ತಿಯ ಮೇಲೆ ದಿನಾಂಕ ಹಾಕಿ ಟಿಪ್ಪಣಿ ಸೇರಿಸುತ್ತ ಹೋದರು. ಅದು ಅತಿವಾಹಕವಲ್ಲ ಎಂದಾಯಿತು, ಕೊನೆಯ ಟಿಪ್ಪಣಿಯಲ್ಲಿ ಕಾರಣವೂ ಇತ್ತು: ಅದರಲ್ಲಿ ಬೆರೆತಿದ್ದ ತಾಮ್ರದ ಸಲ್ಫೈಡ್ ಸುಮಾರು 104 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಳರಚನೆ ಬದಲಿಸುತ್ತದೆ, ಆಗ ವಿದ್ಯುತ್ ತಡೆ ಥಟ್ಟನೆ ಇಳಿಯುತ್ತದೆ, ಅದೇ ಅತಿವಾಹಕದಂತೆ ಕಂಡದ್ದು. ಇಬ್ಬರೂ ಕೂತು ಓದಿದೆವು. ಅವಳಿಗೆ ಮೊದಲಿನ ಸುದ್ದಿಗಿಂತ ಇದೇ ಹೆಚ್ಚು ಹಿಡಿಸಿತು.

ಆಡಿಯೊ ಬೇಡ. ಗುರುತ್ವ ಅಲೆಗಳ ಲೇಖನದಲ್ಲಿ, ಆ ಅಲೆಗಳನ್ನು ಪತ್ತೆಹಚ್ಚುವ ಅಮೆರಿಕದ ಲೈಗೋ ವೀಕ್ಷಣಾಲಯದ ನಾಲ್ಕು ಕಿಲೋಮೀಟರ್ ಉದ್ದದ ಕೊಳವೆಗಳು ಪ್ರೋಟಾನ್‌ಗಿಂತ ನೂರಾರು ಪಟ್ಟು ಚಿಕ್ಕ ಅಲುಗಾಟವನ್ನು ಹಿಡಿದ ಕಡೆ, 10⁻¹⁸ (ಹತ್ತರ ಘಾತ ಮೈನಸ್ ಹದಿನೆಂಟು) ಮೀಟರನ್ನು ಯಂತ್ರದ ದನಿ 'ಹತ್ತು ಹದಿನೆಂಟು ಮೀಟರ್' ಎಂದು ಓದಿತು. ಇಡೀ ಬೆರಗು ಇದ್ದದ್ದೇ ಆ ಸಂಖ್ಯೆಯಲ್ಲಿ. ಎರಡು ಸಲ ಬರೆದು ತಿಳಿಸಿದ್ದೇನೆ, ಸರಿಹೋಗಿಲ್ಲ.

5ಕ್ಕೆ 4 ನಕ್ಷತ್ರ. ಚಂದಾ ಈ ವರ್ಷವೂ ಕಟ್ಟಿದ್ದೇನೆ, ಅಣ್ಣನ ಮಗಳ ಫೋನಿನಲ್ಲೂ ಹಾಕಿಕೊಟ್ಟಿದ್ದೇನೆ. ನೋಟಿಫಿಕೇಶನ್ ಮಾತ್ರ ಎರಡರಲ್ಲೂ ಆಫ್.