ಗಾಡಿಯ ಶೌಚಾಲಯ: ನೀಲಿ ದ್ರಾವಣದ ಪೆಟ್ಟಿಗೆಯೋ, ನಾರಿನ ಪುಡಿಯ ಡಬ್ಬಿಯೋ

ಹಳೆಯ ಟೆಂಪೋ ಟ್ರಾವೆಲರ್ ಒಂದನ್ನು ಮಲಗುವ, ಅಡುಗೆ ಮಾಡುವ ಗಾಡಿಯಾಗಿ ಮಾರ್ಪಡಿಸಿಕೊಂಡು ಮೂರು ವರ್ಷಗಳಾದವು. ನೀರಿನ ಟ್ಯಾಂಕು, ಪಂಪು, ಬ್ಯಾಟರಿಗಳ ವಿಷಯದಲ್ಲಿ ಮಾಡಿದ ತಪ್ಪುಗಳೆಲ್ಲ ಸಣ್ಣವು. ಒಂದಿಷ್ಟು ದುಡ್ಡು ಕೊಟ್ಟು ತಿದ್ದಿಕೊಂಡೆ. ಶೌಚದ ವ್ಯವಸ್ಥೆಯಲ್ಲಿ ಮಾತ್ರ ಪೂರ್ತಿ ಎಡವಿದೆ. 14,500 ರೂಪಾಯಿ ತೆತ್ತು ಕ್ಯಾಸೆಟ್ ಕಮೋಡು, ಅಂದರೆ ಕೆಳಗಿನ ತೊಟ್ಟಿಯನ್ನು ಕಳಚಿ ಒಯ್ಯಬಹುದಾದ ಕಮೋಡು, ತರಿಸಿದೆ. ಅದರ ತೊಟ್ಟಿ ಈಗ ಕೊಟ್ಟಿಗೆಯ ಮೂಲೆಯಲ್ಲಿದೆ. ತೀರ್ಥಹಳ್ಳಿಯ ಬಡಗಿಯೊಬ್ಬರು 4,200 ರೂಪಾಯಿಗೆ ಮಾಡಿಕೊಟ್ಟ ಪ್ಲೈವುಡ್ ಪೆಟ್ಟಿಗೆ, ಅಂದರೆ ಒಣ ಶೌಚಾಲಯ, ಗಾಡಿಯಲ್ಲಿದೆ. ನನ್ನ ಒಲವು ಯಾವ ಕಡೆಗೆಂಬುದನ್ನು ಇನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಕುಳಿತುಕೊಳ್ಳುವುದಕ್ಕೆ ಕ್ಯಾಸೆಟ್ಟೇ ಹಿತ. ನೋಡುವುದಕ್ಕೂ ಅದೇ ಚೆಂದ. ನೀರು ಹಾಯಿಸಿ, ಸನ್ನೆಯನ್ನೆಳೆದು ಕವಾಟ ತೆರೆದರೆ ಎಲ್ಲವೂ ಕೆಳಗಿನ 20 ಲೀಟರಿನ ತೊಟ್ಟಿಗೆ ಇಳಿಯುತ್ತದೆ. ಅಲ್ಲಿರುವ ನೀಲಿ ದ್ರಾವಣ ವಾಸನೆಯನ್ನು ಅಡಗಿಸುತ್ತದೆ. ಇಬ್ಬರ ಬಳಕೆಗೆ ತೊಟ್ಟಿ ಎರಡು ದಿನ, ಬಿಗಿಹಿಡಿದರೆ ಮೂರು ದಿನ ಬರುತ್ತದೆ.

ಮೊದಲ ಪಾಠವನ್ನು ಆಗುಂಬೆ ಘಾಟಿ ಕಲಿಸಿತು. ಹೆಬ್ರಿಯಲ್ಲಿ ರಾತ್ರಿ ತಂಗಿ, ಬೆಳಿಗ್ಗೆ ಸೋಮೇಶ್ವರದಿಂದ 14 ತಿರುವುಗಳನ್ನು ಹತ್ತಿ, ಸುಮಾರು 650 ಮೀಟರ್ ಎತ್ತರದ ಆಗುಂಬೆಯಲ್ಲಿ ಗಾಡಿ ನಿಲ್ಲಿಸಿ, ಯಾವ ಅನುಮಾನವೂ ಇಲ್ಲದೆ ಕವಾಟದ ಸನ್ನೆಯನ್ನು ಎಳೆದೆ. ಕರಾವಳಿಯ ಗಾಳಿಯನ್ನು ಒಳಗಿಟ್ಟುಕೊಂಡು ಬಿಗಿಯಾಗಿ ಮುಚ್ಚಿಕೊಂಡಿದ್ದ ತೊಟ್ಟಿಗೆ ಮೇಲಿನ ಗಾಳಿ ತೆಳುವಾಗಿತ್ತು. ಜೊತೆಗೆ ಕೊಳೆಯುವ ವಸ್ತುವಿನಿಂದ ಹುಟ್ಟಿದ ಅನಿಲವೂ ಸೇರಿತ್ತು. ಒತ್ತಡವೆಲ್ಲ ಒಂದೇ ಬಾರಿ ಹೊರನುಗ್ಗಿ, ನೀಲಿ ಹನಿಗಳು ನನ್ನ ಅಂಗಿಯ ಮೇಲೂ ಗಾಡಿಯ ಒಳಚಾವಣಿಯ ಮೇಲೂ ಬಿದ್ದವು. ಬಳಸುವ ಮೊದಲು, ಮುಚ್ಚಳ ಹಾಕಿಕೊಂಡೇ ಕವಾಟವನ್ನು ಕೂದಲೆಳೆಯಷ್ಟು ಸರಿಸಿ ಗಾಳಿ ಬಿಡಬೇಕೆಂಬುದು ಆಮೇಲೆ ತಿಳಿಯಿತು. ಕವಾಟದ ರಬ್ಬರಿಗೆ ವ್ಯಾಸಲೀನ್ ಸವರಬಾರದು, ಸಿಲಿಕೋನ್ ಎಣ್ಣೆಯನ್ನೇ ಹಚ್ಚಬೇಕು ಎಂಬುದೂ ರಬ್ಬರು ಉಬ್ಬಿ ಸೋರತೊಡಗಿದ ಮೇಲೆ ತಿಳಿಯಿತು. ಮಾರಿದವರನ್ನು ಕೇಳಿದರೆ ಬಿಡಿಭಾಗ ಸಿಗುವುದಿಲ್ಲ, ಹೊಸದನ್ನೇ ಕೊಳ್ಳಿ ಎಂಬ ಉತ್ತರ ಬಂತು.

ಇವೆರಡನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ತೊಟ್ಟಿಯನ್ನು ಖಾಲಿ ಮಾಡುವ ಕೆಲಸ. ಯುರೋಪಿನ ಗಾಡಿತಂಗುದಾಣಗಳಲ್ಲಿ ಇದಕ್ಕೆಂದೇ ಸುರಿಯುವ ಜಾಗಗಳಿರುತ್ತವೆ. ಈ ವಸ್ತು ರೂಪುಗೊಂಡದ್ದು ಅಂಥ ಊರುಗಳಿಗಾಗಿ. ನಮ್ಮಲ್ಲಿ ಹೊಸನಗರದಿಂದ ಕೊಪ್ಪದವರೆಗೆ ತಿರುಗಿದರೂ ನನಗೆ ಅಂಥದ್ದೊಂದು ಕಾಣಲಿಲ್ಲ. ಪರಿಚಯದ ಹೋಂಸ್ಟೇ ಒಂದರಲ್ಲಿ ಕೇಳಿದಾಗ ಮಾಲೀಕರು ನೀಲಿ ದ್ರಾವಣದ ಡಬ್ಬಿಯ ಮೇಲಿನ ಬರಹವನ್ನು ಓದಿ, ಇದರಲ್ಲಿರುವ ಫಾರ್ಮಾಲ್ಡಿಹೈಡ್ ಸೆಪ್ಟಿಕ್ ಟ್ಯಾಂಕಿಗೆ ಬಿದ್ದರೆ ಅಲ್ಲಿ ಮಲವನ್ನು ಕರಗಿಸುವ ಸೂಕ್ಷ್ಮಜೀವಿಗಳೇ ಸಾಯುತ್ತವೆ, ಕ್ಷಮಿಸಿ ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಅದೂ ಆಷಾಢ, ಜಲ ಎದ್ದು ಇಂಗುಗುಂಡಿಗಳೆಲ್ಲ ತುಂಬಿಕೊಂಡಿರುವಾಗ ಇನ್ನೊಬ್ಬರ 20 ಲೀಟರನ್ನು ಯಾರು ತಾನೆ ಬಯಸುತ್ತಾರೆ? ಕೊನೆಗೆ ಬಸ್ ನಿಲ್ದಾಣವೊಂದರ ಶೌಚಾಲಯಕ್ಕೆ ಚಕ್ರದ ಮೇಲೆ ಉರುಳುವ ತೊಟ್ಟಿಯನ್ನು ಎಳೆದುಕೊಂಡು ಹೋದೆ. ಬಾಗಿಲಲ್ಲಿದ್ದವರು ಸೂಟ್‌ಕೇಸು ಹೊರಗಿಡಿ, ಕಳುವಾಗದಂತೆ ನಾನು ನೋಡಿಕೊಳ್ಳುತ್ತೇನೆ ಎಂದರು. ಒಳಗೆ ನೆಲಮಟ್ಟದ ಕುಕ್ಕರುಗಾಲಿನ ಬೇಸಿನ್ನಿಗೆ, ಸೊಂಟ ಬಗ್ಗಿಸಿ, ಗುಳುಗುಳು ಎನ್ನುತ್ತ ಉಕ್ಕುವ ತೊಟ್ಟಿಯನ್ನು ಸುರಿಯುವ ಅನುಭವವನ್ನು ಇಲ್ಲಿ ವಿವರಿಸುವುದಿಲ್ಲ. ಹೊಳೆಯ ದಂಡೆಗೆ ಹೋಗಿ ಸುರಿದರಾಯಿತಲ್ಲ ಎಂದು ಸಲಹೆ ಕೊಟ್ಟವರೂ ಇದ್ದರು. ಗಂಗಾ ಸ್ನಾನ, ತುಂಗಾ ಪಾನ ಎನ್ನುವ ಊರಿನವನು ನಾನು; ಆ ಸಲಹೆಗೆ ಉತ್ತರವನ್ನೂ ಕೊಡಲಿಲ್ಲ.

ಒಣ ಶೌಚಾಲಯದಲ್ಲಿ ಮೂತ್ರ ಮುಂದಿನ ಆಲಿಕೆಯಿಂದ 10 ಲೀಟರಿನ ಕ್ಯಾನಿಗೆ ಹೋಗುತ್ತದೆ, ಮಲ ಹಿಂದಿನ ಡಬ್ಬಿಗೆ ಬೀಳುತ್ತದೆ, ಅದರ ಮೇಲೆ ಎರಡು ಹಿಡಿ ತೆಂಗಿನ ನಾರಿನ ಪುಡಿ. ಎರಡೂ ಬೆರೆತಾಗಲೇ ಆ ಕೆಟ್ಟ ನಾತ ಹುಟ್ಟುವುದು. ಬೇರೆ ಬೇರೆ ಇಟ್ಟರೆ ಡಬ್ಬಿಯಿಂದ ಬರುವುದು ಕಾಡಿನ ಹಸಿ ಮಣ್ಣಿನಂಥ ವಾಸನೆ ಮಾತ್ರ. ಮಲದ ಡಬ್ಬಿ ಇಬ್ಬರಿಗೆ ವಾರ ಬರುತ್ತದೆ. ತೋಟದ ಅಂಚಿನ ಮುಚ್ಚಿದ ಗುಂಡಿಯಲ್ಲಿ ಅದನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ಬಿಟ್ಟು, ಬಳಿಕ ತರಕಾರಿ ಮಡಿಗಳಿಗಲ್ಲ, ಅಡಿಕೆಯ ಬುಡಕ್ಕೆ ಹಾಕುತ್ತೇನೆ. ಮೂತ್ರಕ್ಕೆ ಹತ್ತು ಪಟ್ಟು ನೀರು ಬೆರೆಸಿ ಬಾಳೆಗೆ ಕೊಡುತ್ತೇನೆ.

ತೊಡಕು ಇಲ್ಲವೆಂದಲ್ಲ. ನಾವು ತೊಳೆದುಕೊಳ್ಳುವ ಜನ; ಆ ನೀರು ಡಬ್ಬಿಗೆ ಬಿದ್ದರೆ ಒಣ ಶೌಚಾಲಯ ಎಂಬ ಹೆಸರಿಗೇ ಅರ್ಥವಿಲ್ಲ. ಆದ್ದರಿಂದ ಪಕ್ಕಕ್ಕೆ ಸರಿದು ತೊಳೆದುಕೊಳ್ಳಲು ಮೂರನೆಯ ಆಲಿಕೆ, ಮೂರನೆಯ ಕ್ಯಾನು ಬೇಕಾಯಿತು; ಆ ನೀರನ್ನು ಪಾತ್ರೆ ತೊಳೆದ ನೀರಿನೊಡನೆ ಬೆರೆಸುವಂತಿಲ್ಲ. ಮೊದಲ ವಾರ ನೆಂಟರೊಬ್ಬರು ಕತ್ತಲಲ್ಲಿ ಆಲಿಕೆ ತಪ್ಪಿದರು. ಪುಡಿಯ ಬದಲು ಒಲೆಯ ಬೂದಿಯನ್ನು ಬಳಸಿದ್ದು ನನ್ನದೇ ತಪ್ಪು: ಬೂದಿ ಮೂತ್ರದ ಕಡೆಗೆ ಉದುರಿದ್ದೇ ಅಮೋನಿಯದ ಘಾಟು ಕಣ್ಣಿಗೆ ಬಡಿಯಿತು. ಮಳೆಗಾಲದಲ್ಲಿ ನಾರಿನ ಪುಡಿ ಗಾಳಿಯ ತೇವವನ್ನೇ ಹೀರಿಕೊಂಡು ನೊರಜುಗಳಿಗೆ ಮನೆಯಾಗುತ್ತದೆ. ಅದಕ್ಕೆ ಪರಿಹಾರವಾಗಿ ಚೀಲವನ್ನು ಒಲೆಯ ಮೇಲಿನ ಹೊಗೆ ಅಟ್ಟದಲ್ಲಿಟ್ಟು, ಬೇಕಾದಷ್ಟನ್ನೇ ಮುಚ್ಚಳದ ಡಬ್ಬಿಯಲ್ಲಿ ಗಾಡಿಗೆ ಒಯ್ಯುತ್ತೇನೆ.

ವಿದ್ಯುತ್ತಿನ ಲೆಕ್ಕದಲ್ಲಿ ಕ್ಯಾಸೆಟ್ಟಿನ ಖರ್ಚು ಸೊನ್ನೆ. ಒಣ ಶೌಚಾಲಯದ ಗಾಳಿಯನ್ನು ಹೊರಹಾಕುವ ಕೊಳವೆಗೆ ಕೂಡಿಸಿದ ಕಂಪ್ಯೂಟರಿನ ಪುಟ್ಟ ಫ್ಯಾನು 0.15 ಆಂಪಿಯರ್ ಎಳೆಯುತ್ತದೆ. ದಿನವಿಡೀ ತಿರುಗಿದರೂ ನಾಲ್ಕು ಆಂಪಿಯರ್ ಅವರ್ ಮುಟ್ಟುವುದಿಲ್ಲ, ಸೋಲಾರ್ ಫಲಕ ಮಂಕಾಗಿರುವ ಜುಲೈನಲ್ಲೂ ಬ್ಯಾಟರಿ ಇದನ್ನು ತಾಳಿಕೊಳ್ಳುತ್ತದೆ. ನೀರಿನ ಲೆಕ್ಕದಲ್ಲಿ ಒಣ ಶೌಚಾಲಯವೇ ಗೆಲ್ಲುತ್ತದೆ.

ಶಿವಮೊಗ್ಗದ ಅಪಾರ್ಟ್‌ಮೆಂಟಿನಲ್ಲಿದ್ದು, ಎರಡು ರಾತ್ರಿ ತಿರುಗಿ ಮನೆಗೆ ಮರಳುವವರು ಕ್ಯಾಸೆಟ್ಟನ್ನೇ ಕೊಳ್ಳಲಿ. ದ್ರಾವಣ ಹಾಕದೆ ಬಳಸಿ, ಒಳಚರಂಡಿಗೆ ಸೇರಿದ ಸ್ವಂತ ಶೌಚಾಲಯದಲ್ಲಿ ಸುರಿದರೆ ಯಾರಿಗೂ ತೊಂದರೆಯಿಲ್ಲ. ನನಗೆ ಎರಡೆಕರೆ ತೋಟವಿದೆ, ಗೊಬ್ಬರಗುಂಡಿಯಿದೆ, ಡಬ್ಬಿ ಹೊರುವುದಕ್ಕೆ ನಾಚಿಕೆಯಿಲ್ಲ, ಮತ್ತೆ 14,500 ಕೊಡುವ ಶಕ್ತಿಯೂ ಇಲ್ಲ. ಕ್ಯಾಸೆಟ್ಟಿನ ಮೇಲ್ಭಾಗವನ್ನು ಮಂಡಿನೋವಿನ ಅಮ್ಮ ಬಚ್ಚಲಿನಲ್ಲಿ ಕೂರುವುದಕ್ಕೆ ಬಳಸುತ್ತಿದ್ದಾರೆ.