ಎಡಕ್ಕೆ ರಬ್ಬರ್, ಬಲಕ್ಕೆ ಮೇಣ: ಕಡಲ ಬದಿಯ ಕಾರಿಗೆ ನಾಲ್ಕು ಮಳೆಗಾಲ

2019ರ ಏಪ್ರಿಲ್‌ನಲ್ಲಿ ಉಡುಪಿಯ ಗ್ಯಾರೇಜೊಂದರಲ್ಲಿ ನನ್ನ ಕಾರು ರ‍್ಯಾಂಪ್ ಮೇಲಿತ್ತು. ಟಿಂಕರಿಂಗ್ ಮಾಡುವ ಅಣ್ಣ ಸ್ಕ್ರೂಡ್ರೈವರಿನ ಹಿಡಿಯಿಂದ ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡನ್ನು ತಟ್ಟುತ್ತ ಬಂದರು. ಟಣ್, ಟಣ್, ಟಣ್. ಹಿಂದಿನ ಚಕ್ರದ ಹತ್ತಿರ ಸದ್ದು ‘ಡಬ್’ ಎಂದು ಸತ್ತುಹೋಯಿತು. ಸ್ಕ್ರೂಡ್ರೈವರನ್ನು ತಿರುಗಿಸಿ ತುದಿಯಿಂದ ಒತ್ತಿದರೆ, ಹಪ್ಪಳ ಒಡೆದ ಹಾಗೆ ಒಳಗೆ ಹೋಯಿತು. ಹೊರಗಿನ ಕಪ್ಪು ಕೋಟಿಂಗ್ ಮಾತ್ರ ಹೊಸದರಂತೆಯೇ ಇತ್ತು. “ಕೋಟಿಂಗ್ ಗಟ್ಟಿ ಉಂಟು ಮಾರಾಯರೇ, ಒಳಗೆ ಕಬ್ಬಿಣವೇ ಇಲ್ಲ” ಎಂದರು.

ಏಳು ವರ್ಷದ ಸಣ್ಣ ಹ್ಯಾಚ್‌ಬ್ಯಾಕ್ ಅದು. ಕೊಂಡ ವಾರವೇ, ತುಕ್ಕು ಹಿಡಿಯದಿರಲೆಂದು, ಅಡಿಗೆ ರಬ್ಬರ್ ಕೋಟಿಂಗ್ ಮಾಡಿಸಿದ್ದೆ, ಇನ್ನು ಆ ಕಡೆ ನೋಡುವುದೇ ಬೇಡ ಎಂದು ಕೋಟಿಂಗ್ ಮಾಡಿದವರು ಹೇಳಿದ್ದರು. ನಾನೂ ನೋಡಲಿಲ್ಲ. ತೂತಾದ ಕಡೆ ತಗಡು ಹಾಕಿ ವೆಲ್ಡಿಂಗ್ ಮಾಡಿಸಲು 11,000 ರೂಪಾಯಿ ಹೋಯಿತು. ಅಂದೇ ನಿಶ್ಚಯಿಸಿದೆ: ಕಾರಿನ ಎಡಬದಿಗೆ ಮತ್ತೆ ರಬ್ಬರ್ ಕೋಟಿಂಗ್, ಬಲಬದಿಗೆ ಮೇಣದ ಕೋಟಿಂಗ್. ಒಂದೇ ಕಾರು, ಒಂದೇ ರಸ್ತೆ. ಎಡಬದಿಗೆ ರಸ್ತೆಯಂಚಿನ ಕೆಸರು ಹೆಚ್ಚು ಸಿಡಿಯುತ್ತದೆ, ಆದ್ದರಿಂದ ಹೋಲಿಕೆ ಪೂರ್ತಿ ಸಮವಾಗಿತ್ತು ಎನ್ನಲಾರೆ. ಆದರೂ ಎರಡು ಬೇರೆ ಬೇರೆ ಕಾರುಗಳನ್ನು ಹೋಲಿಸುವುದಕ್ಕಿಂತ ಇದು ಮೇಲು.

ನಮ್ಮ ಮನೆ ಮಲ್ಪೆಯ ಮೀನುಗಾರಿಕೆ ಬಂದರಿನಿಂದ ಎರಡು ಕಿಲೋಮೀಟರ್ ಒಳನಾಡಿಗೆ. ಕಾರಿಗೆ ಇಲ್ಲಿ ಮಳೆ ಒಂದೇ ಶತ್ರುವಾಗಿದ್ದರೆ ಚಿಂತೆ ಇರಲಿಲ್ಲ. ಆಗಸ್ಟ್‌ನಲ್ಲಿ ಮೀನುಗಾರಿಕೆ ಶುರುವಾದರೆ ಮೀನಿನ ಲಾರಿಗಳಿಂದ ಮಂಜುಗಡ್ಡೆ ಕರಗಿದ ಉಪ್ಪುನೀರು ದಾರಿಯುದ್ದಕ್ಕೂ ಸುರಿಯುತ್ತದೆ. ಹಿಂದೆ ಹೋಗುವ ಕಾರಿನ ಹೊಟ್ಟೆಗೆ ಅದೇ ಸ್ನಾನ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಜುಲೈ ಗಾಳಿಗೆ ಅಲ್ಲಿ ಗಾಜಿನ ಮೇಲೆ ಉಪ್ಪು ಕೂರುವುದು ಕಣ್ಣಿಗೇ ಕಾಣುತ್ತದೆ. ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ಉಪ್ಪು ತಾನೇ ನೀರನ್ನು ಎಳೆದುಕೊಂಡು ಕರಗುತ್ತದೆ. ನಮ್ಮಲ್ಲಿ ಬೇಸಿಗೆಯ ಬೆಳಗಿನ ಜಾವಗಳೂ ಆ ಗೆರೆ ದಾಟುತ್ತವೆ. 2020ರ ಲಾಕ್‌ಡೌನ್‌ನಲ್ಲಿ ಎರಡು ತಿಂಗಳು ಶೆಡ್ಡಿನಿಂದ ಕದಲದ ಕಾರಿನ ಬ್ರೇಕ್ ಡಿಸ್ಕ್‌ಗಳು ದಾಸವಾಳದ ಬಣ್ಣಕ್ಕೆ ತಿರುಗಿದ್ದವು.

2022ರ ಅಕ್ಟೋಬರ್‌ನಲ್ಲಿ, ನಾಲ್ಕು ಮಳೆಗಾಲ ಮುಗಿದ ಮೇಲೆ, ಅದೇ ಗ್ಯಾರೇಜಿನಲ್ಲಿ ಎರಡೂ ಬದಿಗಳನ್ನು ಬೆಳಕು ಹಿಡಿದು ನೋಡಿದೆವು.

ಎಡಬದಿ ಮೊದಲ ನೋಟಕ್ಕೆ ಸುಂದರ. ಜಾಕ್ ಕೊಡುವ ಅಂಚಿನಲ್ಲಿ ಮಾತ್ರ ಕೂದಲೆಳೆಯ ಬಿರುಕು. ಪಂಕ್ಚರಾದಾಗ ಜಾಕ್ ಒತ್ತಿ ಕೋಟಿಂಗ್ ಸೀಳಿತ್ತು. ಪುಟ್ಟಿ ಬ್ಲೇಡಿನಿಂದ ಎಬ್ಬಿಸಿದರೆ ಅಂಗೈ ಅಗಲದ ತುಂಡು ಸಿಪ್ಪೆಯಂತೆ ಬಂತು, ಅದರ ಹಿಂದೆ ಒದ್ದೆ, ಕಂದು ಪುಡಿ. ಬಿರುಕಿನಿಂದ ಒಳಗೆ ಹೋದ ಉಪ್ಪುನೀರಿಗೆ ಹೊರಬರಲು ದಾರಿಯಿಲ್ಲ, ಒಣಗಲು ಗಾಳಿಯಿಲ್ಲ. 2019ರಲ್ಲಿಯೂ ಹೀಗೆಯೇ ಆಗಿರಬೇಕು.

ಬಲಬದಿ ನೋಡಲು ಕೊಳಕು. ಜೇನಿನ ಬಣ್ಣದ ಮೇಣಕ್ಕೆ ಕೆಂಪು ಮಣ್ಣಿನ ಧೂಳು ಅಂಟಿ, ಮುಟ್ಟಿದರೆ ಬೆರಳಿಗೆ ಮೆತ್ತಿಕೊಳ್ಳುತ್ತಿತ್ತು. ಜಾಕ್‌ನ ಜಾಗದಲ್ಲಿ ಇಲ್ಲಿಯೂ ಮೇಣ ಕಿತ್ತು ತುಕ್ಕಿನ ಚುಕ್ಕೆ ಎದ್ದಿತ್ತು, ಆದರೆ ಅದು ಎದುರಿಗೇ ಕಾಣುತ್ತಿತ್ತು. ವೈರ್ ಬ್ರಷ್‌ನಲ್ಲಿ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಒಣಗಿದ ಮೇಲೆ ಮೇಣ ಹಾಕಿದೆವು. ಅಷ್ಟೇ ಕೆಲಸ. ತಗಡಿನ ಜೋಡಣೆಗಳ ಸಂದಿಗೆ ಮೇಣ ತಾನೇ ಹರಿದು ಹೋಗಿದ್ದುದನ್ನು ಕಂಡು ನನಗೆ ನಿಜಕ್ಕೂ ಸಂತೋಷವಾಯಿತು. ರಬ್ಬರ್ ಅಲ್ಲಿಗೆ ಎಂದೂ ಇಳಿಯುವುದಿಲ್ಲ.

ಮೇಣ ಸೋತದ್ದು ಚಕ್ರದ ಕಮಾನಿನೊಳಗೆ. ಟಯರ್ ಎರಚುವ ನೀರಿಗೂ ಜಲ್ಲಿಗೂ ಅದು ಒಂದು ಮಳೆಗಾಲವೂ ತಡೆಯಲಿಲ್ಲ. ಆ ಜಾಗಕ್ಕೆ ರಬ್ಬರೇ ಸರಿ, ಕಲ್ಲು ಬಡಿಯುವ ಸದ್ದೂ ಕಡಿಮೆ. ಖರ್ಚಿನಲ್ಲಿಯೂ ಮೇಣ ಹಿಂದೆ. ಆಗ ಇಡೀ ಕಾರಿಗೆ ರಬ್ಬರ್ ಕೋಟಿಂಗ್ ಒಮ್ಮೆಗೆ 4,500 ರೂಪಾಯಿ ಇತ್ತು. ಮೇಣಕ್ಕೆ ಪ್ರತಿ ವರ್ಷ ಸುಮಾರು 1,400 ಬೀಳುತ್ತಿತ್ತು, ಮೇಲೆ ಒಂದು ಭಾನುವಾರದ ಶ್ರಮ. ವರ್ಷಕ್ಕೊಮ್ಮೆ ಕಾರಿನ ಅಡಿಗೆ ಹೋಗಲಾರೆ ಎನ್ನುವವರು ಮೇಣದ ಗೊಡವೆಗೆ ಹೋಗಬಾರದು.

ಆದರೆ ಎರಡಕ್ಕಿಂತಲೂ ದೊಡ್ಡ ಸಂಗತಿ ನನಗೆ ಗೊತ್ತಾದದ್ದು ಆಕಸ್ಮಿಕವಾಗಿ. ಬಾಗಿಲುಗಳ ಮತ್ತು ರನ್ನಿಂಗ್ ಬೋರ್ಡಿನ ತಳದಲ್ಲಿ ನೀರು ಇಳಿದುಹೋಗಲು ಸಣ್ಣ ತೂತುಗಳಿರುತ್ತವೆ. ಎಡಬದಿಯ ರನ್ನಿಂಗ್ ಬೋರ್ಡಿನ ನಾಲ್ಕರಲ್ಲಿ ಮೂರನ್ನು ಕೋಟಿಂಗ್ ಮುಚ್ಚಿಬಿಟ್ಟಿತ್ತು. ಸೈಕಲ್ ಕಡ್ಡಿಯಿಂದ ಚುಚ್ಚಿ ತೆರೆದಾಗ ಚಹಾದ ಬಣ್ಣದ ನೀರು ಅರ್ಧ ಲೋಟದಷ್ಟು ಸುರಿಯಿತು, ಕೊನೆಗೆ ಕೆಂಪು ಕೆಸರು ಬಂತು. ಮಳೆ ನಿಂತು ಎಷ್ಟೋ ದಿನವಾಗಿತ್ತು. ಕಾರು ಒಳಗಿನಿಂದ ಕೊಳೆಯುತ್ತಿತ್ತು, ನಾವು ಹೊರಗೆ ಬಣ್ಣ ಬಳಿಯುತ್ತಿದ್ದೆವು. ಎದುರಿನ ಗಾಜಿನ ಬುಡದ ಕಾಲುವೆಯೂ ಹೀಗೆಯೇ. ಕಡಲತೀರದಲ್ಲಿ ಗಾಳಿ ಮರದ ಕೆಳಗೆ ನಿಲ್ಲಿಸಿದರೆ ಅದರ ಸೂಜಿ ಎಲೆಗಳು ಅಲ್ಲಿ ತುಂಬಿಕೊಂಡು ನೀರು ಕಟ್ಟುತ್ತದೆ.

ಮೂರನೆಯ ದಾರಿ ನನ್ನ ತಮ್ಮನದು. ಅವನು ಯಾವ ಕೋಟಿಂಗೂ ಮಾಡಿಸದೆ, ಹದಿನೈದು ದಿನಕ್ಕೊಮ್ಮೆ ಅಡಿಗೆ ಬಾವಿ ನೀರು ಹೊಡೆಯುತ್ತಾನೆ. ಅವನ ಮನೆ ಮಣಿಪಾಲದ ಗುಡ್ಡದ ಮೇಲೆ, ಅಲ್ಲಿಗೆ ಅದು ಸಾಕಾಗಿದೆ. ನಮ್ಮ ಕಡೆ ಸಾಲದು, ಆದರೆ ಅದಿಲ್ಲದೆ ಯಾವ ಕೋಟಿಂಗೂ ಉಳಿಯದು. ಹಳೆಯ ಎಂಜಿನ್ ಆಯಿಲ್ ಬಳಿಯುವ ರೂಢಿಯನ್ನಂತೂ ಬಿಟ್ಟುಬಿಡಿ: ರಬ್ಬರ್ ಬುಷ್‌ಗಳು ಉಬ್ಬುತ್ತವೆ, ಅಂಗಳಕ್ಕೆ ತೊಟ್ಟಿಕ್ಕಿದ್ದು ಬಾವಿಗೆ ಇಳಿಯುತ್ತದೆ. ಬ್ಯಾಟರಿಗೆ ಜೋಡಿಸುವ ತುಕ್ಕು ನಿರೋಧಕ ಪೆಟ್ಟಿಗೆಗೂ ಹಣ ಸುರಿಯಬೇಡಿ. ದೋಣಿಗಳನ್ನು ಕಾಯುವ ಉಪಾಯವನ್ನೇ ಬ್ಯಾಟರಿಯ ವಿದ್ಯುತ್ತಿನಿಂದ ಮಾಡುತ್ತೇವೆ ಎನ್ನುತ್ತಾರೆ ಅದನ್ನು ಮಾರುವವರು. ಆದರೆ ಉಕ್ಕಿನ ದೋಣಿಗೆ ಕಟ್ಟುವ, ಉಕ್ಕಿನ ಬದಲು ತಾನು ಸವೆಯುವ ಸತುವಿನ ಗಟ್ಟಿ ಕೆಲಸ ಮಾಡುವುದು ದೋಣಿ ಉಪ್ಪುನೀರಿನಲ್ಲಿ ಮುಳುಗಿರುವುದರಿಂದ. ಕಾರು ಓಡುವುದು ಗಾಳಿಯಲ್ಲಿ.

ಈಗ ನನ್ನ ಕಾರಿನ ಎರಡೂ ಬದಿಗೆ ಮೇಣ, ಚಕ್ರದ ಕಮಾನುಗಳಿಗೆ ಮಾತ್ರ ರಬ್ಬರ್. ಏಪ್ರಿಲ್ ಕೊನೆಯಲ್ಲಿ ವಾಟರ್ ಸರ್ವಿಸ್ ಮಾಡಿಸಿ, ಎರಡು ದಿನ ಬಿಸಿಲಿಗೆ ಒಣಗಿಸುತ್ತೇನೆ. ರ‍್ಯಾಂಪ್ ಸಿಗದಿದ್ದರೆ ಸ್ಟ್ಯಾಂಡ್ ಕೊಟ್ಟೇ ಅಡಿಗೆ ಹೋಗುತ್ತೇನೆ, ಬರೀ ಜಾಕ್ ನಂಬಿ ಎಂದೂ ಇಲ್ಲ. ಸೈಲೆನ್ಸರ್, ಬ್ರೇಕ್ ಡಿಸ್ಕ್, ರಬ್ಬರ್ ಭಾಗಗಳಿಗೆ ಹಳೆಯ ಪತ್ರಿಕೆ ಸುತ್ತಿ ಆಮೇಲೆ ಮೇಣ ಸಿಂಪಡಿಸುವುದು. ಆಕ್ಸೆಲ್ ಬೂಟ್ (ಆಕ್ಸೆಲ್ ಕೀಲಿನ ರಬ್ಬರ್ ಕವಚ) ಹರಿದಿದೆಯೇ, ಬ್ರೇಕ್ ಪೈಪಿನಲ್ಲಿ ತುಕ್ಕಿದೆಯೇ ಎಂದು ಅಲ್ಲಿಯೇ ನೋಡಿಬಿಡಬಹುದು. ಮತ್ತೆ ಕೃಷ್ಣಾಷ್ಟಮಿಯ ಮರುದಿನ ಉಡುಪಿಯಲ್ಲಿ ನಡೆಯುವ ವಿಟ್ಲಪಿಂಡಿಯ ಆಸುಪಾಸಿನಲ್ಲಿ, ಮಳೆ ಸ್ವಲ್ಪ ಬಿಡುವು ಕೊಟ್ಟಾಗ, ಸೈಕಲ್ ಕಡ್ಡಿ ಹಿಡಿದು ಒಂದೊಂದೇ ತೂತು ಬಿಡಿಸುತ್ತೇನೆ. ಕಳೆದ ಸಲ ನಾಲ್ಕರಿಂದಲೂ ತಿಳಿ ನೀರೇ ಇಳಿಯಿತು.